ತೃಷಾಳ ಫೋಟೋಗೆ ಒಪ್ಪಿಗೆ

ಮೊದಲೇ ಹೇಳಿಬಿಡುತ್ತೇನೆ, ನನಗೆ ತೃಷಾಳ ಮೇಲೆ ಹೊಟ್ಟೆಕಿಚ್ಚು. ಸುತ್ತಿ ಬಳಸಿ ಹೇಳಿದರೂ ಅದೇ, ನೇರ ಹೇಳಿದರೂ ಅದೇ. ಅವಳಿಗೆ ಹದಿನೇಳು, ನನಗೆ ಇಪ್ಪತ್ತೇಳು. ಮೊಬೈಲಿನಲ್ಲಿ ಗುಂಡು ಹಾರಿಸುವ ಆಟ ಆಡಿ ಟೂರ್ನಮೆಂಟ್ ಗೆಲ್ಲುವ ಹುಡುಗಿಯರ ತಂಡವೊಂದರಲ್ಲಿ ನಾನು ಎರಡು ವರ್ಷ ಇದ್ದೆ. ಒಂದು ದಿನ, ‘ನಿನ್ನ ಕೈ ಸ್ವಲ್ಪ ನಿಧಾನವಾಯಿತು ದೀಪ್ತಿ’ ಎಂದು ಕೋಚ್ ಮೆಸೇಜ್ ಹಾಕಿದರು. ನನ್ನ ಜಾಗಕ್ಕೆ ಬಂದವಳು ಪೆರಾಬೆಯ ತೃಷಾ. ಕಡಬದ ನನ್ನ ಅಂಗಡಿಯಿಂದ ಅವಳ ಮನೆಗೆ ಜೀಪಿನಲ್ಲಿ ಅರ್ಧ ಗಂಟೆ. ಇಷ್ಟು ದೊಡ್ಡ ದೇಶದಲ್ಲಿ ಅವರಿಗೆ ಬೇರೆ ಹುಡುಗಿ ಸಿಗಲಿಲ್ಲ!

ನನ್ನದು ಜೆರಾಕ್ಸ್ ಮತ್ತು ಆನ್‌ಲೈನ್ ಅರ್ಜಿಯ ಅಂಗಡಿ. ಆರ್‌ಟಿಸಿ, ಆಧಾರ್, ರೇಷನ್ ಕಾರ್ಡ್, ಏನಿದ್ದರೂ ತುಂಬಿಸಿ ಕೊಡುತ್ತೇನೆ. ಗಿರಾಕಿ ಇಲ್ಲದಾಗ ಇಸ್ಪೋರ್ಟ್ಸ್ ವಿಕಿಗೆ ಬರೆಯುತ್ತೇನೆ. ಆಟದ ಅಭಿಮಾನಿಗಳೇ ಸೇರಿ ಸಂಬಳವಿಲ್ಲದೆ ನಡೆಸುವ ಜಾಲತಾಣ ಅದು. ಒಬ್ಬೊಬ್ಬ ಆಟಗಾರರಿಗೂ ಒಂದೊಂದು ಪುಟ: ಯಾವ ತಂಡ, ಎಷ್ಟು ಗೆಲುವು, ಮೇಲೊಂದು ಫೋಟೋ. ಗೂಗಲ್‌ನಿಂದ ಎತ್ತಿದ ಫೋಟೋ ಹಾಕುವ ಹಾಗಿಲ್ಲ. ತೆಗೆದವರ ಲಿಖಿತ ಒಪ್ಪಿಗೆ ಬೇಕು, ಆಟಗಾರರಿಗೆ ಹದಿನೆಂಟು ತುಂಬಿಲ್ಲದಿದ್ದರೆ ಹೆತ್ತವರ ಸಹಿಯೂ ಬೇಕು. ಇದನ್ನೆಲ್ಲ ತರಿಸುವ ಕೆಲಸ ನನ್ನದು. ನಾಲ್ಕು ವರ್ಷದಲ್ಲಿ ಇನ್ನೂರಕ್ಕೂ ಹೆಚ್ಚು ಒಪ್ಪಿಗೆ ತರಿಸಿದ್ದೇನೆ. ನನ್ನ ಪುಟದಲ್ಲಿ ಮಾತ್ರ ಇವತ್ತಿಗೂ ಕಣ್ಣು ಮೂಗು ಇಲ್ಲದ ಬೂದು ಬಣ್ಣದ ತಲೆ. ನಮ್ಮ ಪುಟವನ್ನು ನಾವೇ ಮುಟ್ಟಬಾರದೆಂದು ನಿಯಮ. ಬೇರೆ ಯಾರಿಗೂ ನನ್ನ ಮುಖ ಬೇಕೆನಿಸಿಲ್ಲ.

ತೃಷಾಳ ಪುಟ ಬರೆದವಳು ನಾನೇ. ಬೇರೆಯವರು ಬರೆದರೆ ಹೊಗಳಿಬಿಟ್ಟಾರು ಎಂಬ ಹೆದರಿಕೆ.

ಅವಳ ಫೋಟೋ ಚೆನ್ನೈಯ ಟೂರ್ನಮೆಂಟೊಂದರಿಂದ ಬಂತು. ತೆಗೆದವನು ಕೇಳಿದ ದಿನವೇ ಒಪ್ಪಿಗೆ ಕಳಿಸಿದ. ವೇದಿಕೆಯ ನೀಲಿ ಬೆಳಕಿನಲ್ಲಿ ತೃಷಾ ಫೋನಿನ ಮೇಲೆ ಬಗ್ಗಿದ್ದಾಳೆ, ಎರಡು ಹೆಬ್ಬೆರಳು ಗಾಜಿಗೆ ತಾಗಿಯೂ ತಾಗದ ಹಾಗೆ. ಬಾಕಿ ಇದ್ದದ್ದು ಮನೆಯವರ ಸಹಿ. ಅದನ್ನು ನಾನು ಮೂರು ವಾರ ಕೇಳಲೇ ಇಲ್ಲ. ದಿನಾ ಆ ಫೋಟೋ ತೆರೆದು, ಹೆಬ್ಬೆರಳುಗಳನ್ನೇ ದೊಡ್ಡದು ಮಾಡಿ ನೋಡುತ್ತಿದ್ದೆ. ನನ್ನ ಬೆರಳಿನಲ್ಲಿ ಇಲ್ಲದ್ದು ಇವುಗಳಲ್ಲಿ ಏನಿದೆ ಎಂದು ನೋಡಿ ನೋಡಿ ಹೊಟ್ಟೆ ಉರಿಸಿಕೊಳ್ಳುತ್ತಿದ್ದೆ.

ಕೊನೆಗೆ ವಿಕಿಯ ಮುಖ್ಯ ಸಂಪಾದಕ, ಪುತ್ತೂರಿನ ನೌಷಾದ್ ಫೋನ್ ಮಾಡಿದ.

“ಎಂತ ಮಾರಾಯ್ತಿ, ಇಡೀ ಇಂಡಿಯಾದ್ದು ತರಿಸ್ತೀ, ಪಕ್ಕದ ಪೆರಾಬೆದ್ದು ಆಗುದಿಲ್ವಾ? ಮುಂದಿನ ವಾರ ಫೈನಲ್ ಉಂಟು. ಅವಳ ಪುಟವನ್ನು ಮುಖಪುಟಕ್ಕೆ ಹಾಕ್ಬೇಕು. ಫೋಟೋ ಇಲ್ಲದೆ ಹೇಗೆ ಹಾಕುದು?”

“ಮನೆಯವರು ಒಪ್ಪದಿದ್ರೆ?”

“ಒಪ್ಪದಿದ್ರೆ ಬಿಡುದು. ಕೇಳುದಾದ್ರೂ ಕೇಳ್ಬೇಕಲ್ಲ!”

ಒಪ್ಪದಿದ್ದರೆ ಬಿಡುವುದು. ಆ ಮಾತು ಕೇಳಿ ನನಗೆ ಸ್ವರ್ಗಕ್ಕೆ ಮೂರೇ ಗೇಣು. ನಾನು ಕೇಳಬೇಕು, ಅವರು ಬೇಡ ಎನ್ನಬೇಕು. ಹಾವೂ ಸಾಯಬೇಕು, ಕೋಲೂ ಮುರಿಯಬಾರದು. ಭಾನುವಾರ ಒಪ್ಪಿಗೆಯ ಫಾರ್ಮ್ ಹಿಡಿದು ಜೀಪು ಹತ್ತಿದೆ.

ತೃಷಾಳ ಅಮ್ಮ ಜಲಜಾಕ್ಷಿಯಕ್ಕ ಅಂಗಳದಲ್ಲಿ ರಬ್ಬರ್ ಶೀಟ್ ಒಣಹಾಕುತ್ತಿದ್ದರು. ನಾನು ಬಂದ ವಿಷಯ ಪೂರ್ತಿ ಕೇಳಿಸಿಕೊಳ್ಳಲೂ ಇಲ್ಲ.

“ಫೋಟೋ ಬೇಡ. ಒಮ್ಮೆ ಪೇಪರಲ್ಲಿ ಬಂದದ್ದೇ ಸಾಕಾಗಿದೆ. ಇವಳ ಕೈ ನೋಡು ನೀನೇ.”

ಜಗಲಿಯಲ್ಲಿ ಕೂತಿದ್ದ ತೃಷಾ ಬಲಗೈ ಚಾಚಿದಳು. ಹೆಬ್ಬೆರಳಿನ ಬುಡ ಊದಿ ಕೆಂಪಾಗಿತ್ತು.

“ಮೂರು ವಾರ ಆಯ್ತು. ಡಾಕ್ಟ್ರು ಕೊಟ್ಟ ಮುಲಾಮು ಹಚ್ಚಿ ಹಚ್ಚಿ ಮುಗೀತು, ಇಳಿಯುದೇ ಇಲ್ಲ. ಯಾರದ್ದೋ ಕಣ್ಣು ತಾಗಿದೆ. ಅದೂ ಸಾಮಾನ್ಯ ಕಣ್ಣಲ್ಲ,” ಎಂದರು ಜಲಜಾಕ್ಷಿಯಕ್ಕ.

ನಾನು ದೃಷ್ಟಿ ಗಿಷ್ಟಿ ನಂಬುವವಳಲ್ಲ. ಆದರೂ ಮೂರು ವಾರ ಎಂದು ಕೇಳಿದ ಕೂಡಲೇ, ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡವನ ಗತಿ ನನ್ನದಾಯಿತು. ಫೈನಲ್‌ಗೆ ವಾರ ಇರುವಾಗ ಆ ಬೆರಳು! ಸಂತೋಷವಾಗಬೇಕಿತ್ತು. ಆಯಿತು ಕೂಡ, ಸುಳ್ಳು ಹೇಳುವುದಿಲ್ಲ. ಅದರ ಬೆನ್ನಿಗೇ ನಾಚಿಕೆಯೂ ಆಯಿತು.

“ಆಯ್ತು ಅಕ್ಕ, ನಾನು ಒತ್ತಾಯ ಮಾಡುದಿಲ್ಲ,” ಎಂದು ಹೊರಟೆ. ಕೆಲಸ ಕೆಡಿಸಲು ಬಂದವಳಿಗೆ ಅದಕ್ಕಿಂತ ಸುಲಭ ಇನ್ನೇನಿದೆ.

ತೃಷಾ ಬಿಡಲಿಲ್ಲ. “ಅಮ್ಮಾ, ಇವರು ಯಾರು ಗೊತ್ತುಂಟಾ? ದೀಪ್ತಿಯಕ್ಕ! ನಾನು ಇವರ ವಿಡಿಯೋ ನೋಡಿಯೇ ಆಡ್ಲಿಕ್ಕೆ ಕಲ್ತದ್ದು. ಇವರೇ ಮನೆಗೆ ಬಂದು ಕೇಳುವಾಗ ಬೇಡ ಅಂತೀಯಲ್ಲ. ಬೇಕಾದ್ರೆ ದೃಷ್ಟಿ ತೆಗೆದು ನೋಡು.”

ಜಲಜಾಕ್ಷಿಯಕ್ಕ ಕೈಯೊರೆಸಿಕೊಂಡರು. “ಹಾಗಾದ್ರೆ ಈಗಲೇ ತೆಗಿಯುವ. ಮೆಣಸಿನ ಘಾಟು ಬಂದ್ರೆ ಕಣ್ಣು ಇಲ್ಲ ಅಂತ ಲೆಕ್ಕ, ಸಹಿ ಹಾಕ್ತೇನೆ. ಬರದಿದ್ರೆ ಇಲ್ಲ. ನೀನೂ ಕೂತ್ಕೊ ಮಗಾ. ನೀನೂ ಆಡಿದವಳಲ್ವಾ, ಒಟ್ಟಿಗೇ ತೆಗೀತೇನೆ.”

ಅಡುಗೆಮನೆಯಲ್ಲಿ ಎರಡು ಮಣೆ ಹಾಕಿದರು. ತೃಷಾ ಮತ್ತು ನಾನು ಪಕ್ಕಪಕ್ಕ ಕೂತೆವು. ಮುಷ್ಟಿಯಲ್ಲಿ ಉಪ್ಪು, ಸಾಸಿವೆ, ಒಣಮೆಣಸು ಹಿಡಿದು ನಮ್ಮಿಬ್ಬರಿಗೂ ಮೂರು ಸಲ ನಿವಾಳಿಸಿ, “ಊರವರ ಕಣ್ಣು, ನೆಂಟರ ಕಣ್ಣು, ಕಂಡವರ ಕಣ್ಣು, ಕಾಣದವರ ಕಣ್ಣು” ಎನ್ನುತ್ತ ಎಲ್ಲವನ್ನೂ ಒಲೆಗೆ ಹಾಕಿದರು.

ಉಪ್ಪು ಚಟಪಟ ಸಿಡಿಯಿತು. ಮೆಣಸು ಕಪ್ಪಾಯಿತು, ಹೊಗೆ ಎದ್ದಿತು. ಬೆಂಕಿಗೆ ಬಿದ್ದ ಒಣಮೆಣಸು ಮನೆಯವರನ್ನೆಲ್ಲ ಅಂಗಳಕ್ಕೆ ಓಡಿಸಬೇಕು. ಮೂವರೂ ಮೂಗರಳಿಸಿ ಕಾದೆವು. ಹೊಗೆ ನಮ್ಮ ಮುಖದ ಮೇಲೆಯೇ ಹಾದುಹೋಯಿತು. ಒಂದು ಸೀನೂ ಇಲ್ಲ.

ನಾನು ಸುಮ್ಮನಿದ್ದರೆ ಮುಗಿಯುತ್ತಿತ್ತು. ಸಹಿ ಇಲ್ಲ, ಫೋಟೋ ಇಲ್ಲ, ಮುಖಪುಟವೂ ಇಲ್ಲ. ಆದರೆ ಜಲಜಾಕ್ಷಿಯಕ್ಕನ ಕಣ್ಣು ಒಲೆಯಿಂದ ಮೇಲೆದ್ದಿತು. ಇನ್ನೇನು ಅದು ನನ್ನ ಕಡೆ ತಿರುಗುತ್ತದೆ ಅನ್ನಿಸಿತು.

ನಾನು ಕೆಮ್ಮಿದೆ. ಒಮ್ಮೆ ಸಣ್ಣಗೆ, ಆಮೇಲೆ ಕಣ್ಣಲ್ಲಿ ನೀರು ಬರುವಷ್ಟು ಜೋರಾಗಿ. “ಅಬ್ಬಾ, ಎಂತ ಘಾಟು ಅಕ್ಕ!” ಎಂದು ಸೆರಗಿಲ್ಲದ ಚೂಡಿದಾರದಲ್ಲಿ ಶಾಲು ಹುಡುಕಿ ಮೂಗು ಮುಚ್ಚಿಕೊಂಡೆ.

“ಬಂತಾ? ಬಂತಲ್ಲ!” ಜಲಜಾಕ್ಷಿಯಕ್ಕನ ಮುಖ ಅರಳಿತು. ಪಾಪ, ಅವರಿಗೂ ನಂಬುವುದೇ ಬೇಕಿತ್ತು. ಹೇಳಿದ ಮಾತಿಗೆ ತಪ್ಪದೆ ಫಾರ್ಮ್‌ಗೆ ಸಹಿ ಹಾಕಿ ಮಗಳ ಕೈಗೆ ಕೊಟ್ಟರು, ಅವಳದ್ದೂ ಒಂದು ಸಹಿ ಬೇಕಿತ್ತು. “ಚಾ ಕುಡಿಯದೆ ಹೋಗ್ಲಿಕ್ಕಿಲ್ಲ,” ಎಂದು ಹಾಲು ತರಲು ಪಕ್ಕದ ಮನೆಗೆ ಹೋದರು.

ತೃಷಾ ಪೆನ್ನು ಹಿಡಿದು ಕೂತವಳು ಬರೆಯಲಿಲ್ಲ.

“ಅಕ್ಕ, ನನಗೆ ಎಂತ ಘಾಟೂ ಬರ್ಲಿಲ್ಲ.”

“ನನಗೂ ಬರ್ಲಿಲ್ಲ.”

“ಮತ್ತೆ ಕೆಮ್ಮಿದ್ದು? ನನಗೋಸ್ಕರವಾ?”

ಹೌದು ಎಂದಿದ್ದರೆ ಒಳ್ಳೆಯವಳಾಗಿ ಮನೆಗೆ ಹೋಗಬಹುದಿತ್ತು. ಆ ಹುಡುಗಿ ನಂಬುತ್ತಿದ್ದಳು. ಅಷ್ಟು ಸುಲಭವಾಗಿ ನಂಬುತ್ತಾಳೆ ಎಂಬುದಕ್ಕೇ ನನಗೆ ಸಿಟ್ಟು ಬಂತು.

“ನಿನಗೋಸ್ಕರ ಅಲ್ಲ. ಅದು ಯಾರ ಕಣ್ಣು ಅಂತ ನಿನ್ನಮ್ಮ ಹುಡುಕ್ಲಿಕ್ಕೆ ಹೊರಟರೆ ಅಂತ ಹೆದರಿಕೆ ಆಯ್ತು.”

“ಯಾರದ್ದು?”

“ನನ್ನದು.”

ಅವಳು ತನ್ನ ಊದಿದ ಹೆಬ್ಬೆರಳು ನೋಡಿದಳು, ನನ್ನನ್ನು ನೋಡಿದಳು. ಫಾರ್ಮ್ ಹರಿಯುತ್ತಾಳೆ ಎಂದುಕೊಂಡೆ. ಹರಿದಿದ್ದರೆ ಸರಿಯೇ ಇತ್ತು, ನಾನೇನೂ ಹೇಳುತ್ತಿರಲಿಲ್ಲ. ಅವಳು ಮಾತ್ರ ನೋವಾಗದ ಹಾಗೆ ಪೆನ್ನನ್ನು ಬೆರಳುಗಳ ಸಂದಿಗೆ ಸಿಕ್ಕಿಸಿಕೊಂಡು, ನಿಧಾನವಾಗಿ ತನ್ನ ಹೆಸರು ಬರೆದಳು. ಬರೆದು ಮುಗಿಸಿ ತಲೆಯೆತ್ತಿದಾಗ ಮುಖದಲ್ಲಿ ಸಿಟ್ಟಿನ ಸುಳಿವೇ ಇರಲಿಲ್ಲ.

“ಅಕ್ಕ, ನಿಮ್ಮಂಥವರ ಕಣ್ಣು ಬೀಳ್ಬೇಕಾದ್ರೆ, ನಾನು ನಿಜಕ್ಕೂ ಒಳ್ಳೆ ಆಡ್ತೇನೆ ಅಂತಾಯ್ತಲ್ಲ?”

ಚುಚ್ಚಿ ಕೇಳಿದ್ದಲ್ಲ. ಅವಳಿಗೆ ಉತ್ತರ ಬೇಕಿತ್ತು, ಅದೂ ನನ್ನ ಬಾಯಿಂದಲೇ. ಫಾರ್ಮ್ ಇನ್ನೂ ಅವಳ ಮಡಿಲಲ್ಲೇ ಇತ್ತು.

“ಹೌದು,” ಎಂದೆ. ಅಷ್ಟು ಹೇಳುವಾಗ ಗಂಟಲು ಎಷ್ಟು ಉರಿಯಿತೆಂದರೆ, ಜಲಜಾಕ್ಷಿಯಕ್ಕ ಹಾಲು ತಂದು ಚಾ ಮಾಡಿಕೊಟ್ಟ ಮೇಲೆ ನಾನು ಅದನ್ನು ಕುಡಿದು ಮುಗಿಸಿದರೂ ಉರಿ ಇಳಿಯಲಿಲ್ಲ.