ದೀಪದ ಮೇಲಿನ ಕಪ್ಪು ಟೇಪು

"ಈಗ ಬಂತು," ಎಂದಳು ಆಕೆ.

ಕಿವಿ ಮೇಷ್ಟ್ರು ಕೋಣೆಯ ನಟ್ಟನಡುವೆ ಕಣ್ಣು ಮುಚ್ಚಿ, ತಲೆಯನ್ನು ಒಂಚೂರು ಎಡಕ್ಕೆ ವಾಲಿಸಿ ನಿಂತಿದ್ದರು. ಎರಡೂ ಸ್ಪೀಕರುಗಳಿಂದ ಪಿಟೀಲು ಎಣ್ಣೆ ಸುರಿದ ಹಾಗೆ ಇಳಿಯುತ್ತಿತ್ತು. ಅದರಲ್ಲಿ ಎಲ್ಲೂ ಒಂದು ಹರಳು ಕೂಡ ಅವರಿಗೆ ಸಿಗಲಿಲ್ಲ.

"ಏನು ಬಂತು?"

"ಅದೇ, ಟಿಕ್ ಅಂತ. ಉಗುರಿನ ತುದಿ ಗಾಜಿಗೆ ತಾಗಿದ ಹಾಗೆ. ನಿಮಗೆ ಕೇಳಿಸ್ಲಿಲ್ವಾ ಮೇಷ್ಟ್ರೇ?"

"ಏನೂ ಇಲ್ಲಮ್ಮ. ಬೆಣ್ಣೆ ಇದ್ದ ಹಾಗಿದೆ."

ಇದು ಮೂರನೆಯ ಸಲ ಅವರು ಈ ಮಹಡಿ ಹತ್ತಿದ್ದು. ಮೊದಲ ಸಲ "ಹೊಸ ಸೆಟ್ಟು, ಒಂದು ವಾರ ಓಡ್ಲಿ" ಎಂದು ತೇಲಿಸಿದ್ದರು. ಎರಡನೆಯ ಸಲ ಮೆಟ್ಟಿಲಿಳಿಯುತ್ತಾ, "ಒಬ್ಬರೇ ಇರ್ತೀರಲ್ಲ, ಮನೆ ತೀರಾ ಸುಮ್ಮನಿದ್ರೆ ಕಿವಿ ತಾನೇ ಏನಾದ್ರೂ ಹುಟ್ಟಿಸ್ಕೊಳ್ಳುತ್ತೆ" ಎಂದುಬಿಟ್ಟಿದ್ದರು. ಆಕೆ ಸದ್ದಾಗದಂತೆ ಬಾಗಿಲು ಮುಚ್ಚಿಕೊಂಡಿದ್ದಳು.

ಮೇಷ್ಟ್ರು ಯಾವ ಶಾಲೆಯಲ್ಲೂ ಪಾಠ ಹೇಳಿದವರಲ್ಲ. ರೇಡಿಯೋ ರಿಪೇರಿಯಿಂದ ಶುರುಮಾಡಿ, ಈಗ ದೊಡ್ಡ ಸ್ಪೀಕರು, ಆಂಪ್ಲಿಫೈಯರು ಮಾರುವ ಚಿಕ್ಕ ಅಂಗಡಿಯವರು. ಆದರೆ ಆ ಹೆಸರು ಪುಕ್ಕಟೆ ಬಂದದ್ದಲ್ಲ. ಯಾರಾದರೂ ಫೋನನ್ನು ಸ್ಪೀಕರಿನ ಮುಂದೆ ಹಿಡಿದರೆ ಸಾಕು, ಕೂತಲ್ಲಿಂದಲೇ "ಎಡಗಡೆ ತಂತಿ ಸಡಿಲ ಆಗಿದೆ, ಬಿಗಿ ಮಾಡ್ಕೊಳಪ್ಪ" ಎನ್ನುತ್ತಿದ್ದರು. ಹೆಂಡತಿ ಇದ್ದ ಕಾಲದಲ್ಲಿ ಒಳಮನೆಯ ಹಾಲು ಉಕ್ಕುವ ಮೊದಲೇ ಅಂಗಡಿಯಿಂದ "ಹಾಲು" ಎಂದು ಕೂಗುತ್ತಿದ್ದರು. "ಈ ಮನೇಲಿ ಗುಟ್ಟು ಅನ್ನೋದೇ ಇಲ್ಲ" ಎಂದು ಅವಳು ಗೊಣಗುತ್ತಿದ್ದಳು. ತಾವು ಮಾರಿದ ಪ್ರತಿ ಸೆಟ್ಟಿನ ದೀಪದ ಮೇಲೂ ಅವರೇ ಕಪ್ಪು ಟೇಪಿನ ಚೂರೊಂದನ್ನು ಅಂಟಿಸಿ ಕೊಡುವುದು ರೂಢಿ. "ದೀಪ ನೋಡ್ತಾ ಕೂತ್ರೆ ಕಿವಿ ಸೋಮಾರಿ ಆಗುತ್ತೆ" ಎನ್ನುವುದು ಅವರ ಗಾದೆ. ಈ ಮನೆಯ ಸೆಟ್ಟಿಗೂ ಅಂಟಿಸಿದ್ದರು.

ಆಕೆ ಮೇಜಿನ ಮೇಲಿಂದ ಒಂದು ಕಾಗದ ತಂದು ಮುಂದೆ ಹಿಡಿದಳು. ಪುಸ್ತಕದ ಪ್ರೆಸ್ಸಿನಲ್ಲಿ ಪ್ರೂಫ್ ತಿದ್ದುವ ಕೆಲಸ ಆಕೆಯದು; ಬೆರಳ ತುದಿಯಲ್ಲಿ ಕೆಂಪು ಶಾಯಿ ಯಾವಾಗಲೂ ಇರುತ್ತಿತ್ತು.

"ಕಿವಿ ಡಾಕ್ಟರ ಹತ್ರ ಹೋಗಿದ್ದೆ. ಹತ್ತು ವರ್ಷದ ಮಗು ಕಿವಿ ಅಂದ್ರು. ನಮ್ಮಣ್ಣ ಫೋನಲ್ಲಿ, ಹಾಗಾದ್ರೆ ತಲೆ ಡಾಕ್ಟರಿಗೂ ತೋರಿಸಿಬಿಡು ಅಂದ. ತಮಾಷೆಗೇ ಅಂದದ್ದು, ನಾನೂ ನಕ್ಕೆ. ಫೋನಿಟ್ಟ ಮೇಲೆ ಹಾಡು ಆರಿಸಿದೋಳು, ಇವತ್ತು ನೀವು ಬರ್ತೀರಿ ಅಂತ ಹಾಕಿದೀನಿ. ಹನ್ನೊಂದು ದಿನ ಆಯ್ತು."

ಕಾಗದದ ಮೇಲಿನ ಗೆರೆ ಒಂದೇ ಸಮ ಓಡಿತ್ತು. ಮೇಷ್ಟ್ರು ಅದನ್ನು ಮಡಚಿ ವಾಪಸು ಕೊಟ್ಟರು.

"ಒಂದು ಕೆಲಸ ಮಾಡಿ. ಅಲ್ಲಿ ಕೂತು ಕಣ್ಣು ಮುಚ್ಚಿ. ಟಿಕ್ ಅಂದಾಗೆಲ್ಲ ಬೆರಳು ಎತ್ತಿ."

ಹೇಳಿದ್ದರಲ್ಲಿ ಸ್ವಲ್ಪ ಕಪಟವಿತ್ತು. ಭ್ರಮೆಯಾದರೆ ಬೆರಳು ಮನಸ್ಸು ಬಂದಾಗ ಏಳುತ್ತದೆ, ಆಗ ಮೆತ್ತಗೆ ತಿಳಿಹೇಳಬಹುದು ಎಂದುಕೊಂಡಿದ್ದರು. ಆಕೆ ಕುರ್ಚಿಯ ತುದಿಯಲ್ಲಿ ಕೂತು, ಮೊಣಕಾಲ ಮೇಲೆ ಕೈಯಿಟ್ಟು ಕಣ್ಣು ಮುಚ್ಚಿದಳು. ಕೆಂಪು ಶಾಯಿಯ ಬೆರಳು ಎದ್ದಿತು. ಇಳಿಯಿತು. ಮೇಷ್ಟ್ರಿಗೆ ಕೇಳಿದ್ದು ಪಿಟೀಲು ಮಾತ್ರ.

ಏನೋ ನೋಡಿದೆ ಎಂದು ಹೇಳಿಕೊಳ್ಳಲು ಅವರು ಕಪಾಟಿನ ಮುಂದೆ ಕುಕ್ಕರಗಾಲಲ್ಲಿ ಕೂತು, ಪ್ಲೇಯರಿನ ಕೆಳಗಿದ್ದ ಪುಟ್ಟ ಡಬ್ಬಿಯ ಟೇಪನ್ನು ಉಗುರಿನಿಂದ ಕಿತ್ತರು. ಪ್ಲೇಯರಿನಿಂದ ಕೇಬಲ್ಲಿನಲ್ಲಿ ಬೆಳಕಾಗಿ ಬರುವ ಹಾಡಿನ ಅಂಕಿಗಳನ್ನು ಸದ್ದಾಗಿ ಬದಲಿಸುವ ಡಬ್ಬಿ ಅದು. ಬೆಳಕು ಕಡಿಯದೆ ಬರುತ್ತಿದ್ದರೆ ಹಸಿರು ದೀಪ ಉರಿಯುತ್ತದೆ, ಕಡಿದರೆ ಆರುತ್ತದೆ. ಅಷ್ಟೇ ಅದರ ಕೆಲಸ.

ಉರಿಯುತ್ತಿದ್ದ ದೀಪ ರೆಪ್ಪೆ ಬಡಿದಷ್ಟು ಹೊತ್ತು ಆರಿ ಹತ್ತಿತು. ಮೇಷ್ಟ್ರು ತಿರುಗಿ ನೋಡಿದರು. ಮುಚ್ಚಿದ ಕಣ್ಣಿನ ಆಕೆಯ ಬೆರಳು ಮೇಲಿತ್ತು.

ಮತ್ತೆ ದೀಪ ಆರಿತು. ಮತ್ತೆ ಬೆರಳು. ಅವರು ಮಂಡಿಯೂರಿ ಹೋಗಿ ಸ್ಪೀಕರಿನ ಬಟ್ಟೆಗೆ ಕಿವಿ ಒತ್ತಿದರು, ಅಲ್ಲಿಂದಲೇ ಕತ್ತು ತಿರುಗಿಸಿ ದೀಪ ನೋಡಿದರು. ಆರಿತು, ಬೆರಳು ಎದ್ದಿತು. ಬಟ್ಟೆ ಕಿವಿಗೆ ಒರಟಾಗಿ ತಾಗುತ್ತಿತ್ತು, ಪಿಟೀಲಿನ ನಡುಕ ಕೆನ್ನೆಯ ಮೂಳೆಗೆ ಬರುತ್ತಿತ್ತು. ಟಿಕ್ ಮಾತ್ರ ಬರಲಿಲ್ಲ. ಇನ್ನೊಂದು ಕಿವಿ ಒತ್ತಿದರು. ಅದಕ್ಕೂ ಬರಲಿಲ್ಲ.

ಎಷ್ಟು ವರ್ಷದಿಂದ? ಎಷ್ಟು ಮನೆಗಳಲ್ಲಿ "ಏನೂ ಇಲ್ಲ, ಬೆಣ್ಣೆ" ಎಂದು ಬಂದಿದ್ದಾರೆ?

ಮಿಕ್ಕ ಕೆಲಸ ಕೈ ತಾನೇ ಮಾಡಿತು. ಕಪಾಟನ್ನು ಗೋಡೆಯಿಂದ ಒಂದು ಗೇಣು ಎಳೆದಾಗ ಕಾರಣ ಕಣ್ಣಿಗೇ ಕಂಡಿತು. ಬೆಳಕು ಹರಿಯುವ ತೆಳ್ಳನೆಯ ಕೇಬಲ್ಲು ಗೋಡೆಗೂ ಹಲಗೆಗೂ ನಡುವೆ ಸಿಕ್ಕಿ, ಮೊಣಕೈಯಂತೆ ಮಡಚಿಕೊಂಡಿತ್ತು. ಚೀಲದಿಂದ ಬೇರೆ ಕೇಬಲ್ಲು ತೆಗೆದು, ತುದಿಯ ಪುಟಾಣಿ ಟೊಪ್ಪಿ ಕಳಚಿ, ಕೆಂಪು ಬೆಳಕು ಬರುತ್ತಿದೆಯೇ ಎಂದು ಅಂಗೈ ಮೇಲೆ ಬೀಳಿಸಿ ನೋಡಿ, ಸಡಿಲವಾಗಿ ಬಳಸಿ ಚುಚ್ಚಿದರು. ಹಾಡು ಮೊದಲಿಂದ ಶುರುವಾಯಿತು. ದೀಪ ಅಲುಗಲಿಲ್ಲ. ಬೆರಳು ಮೊಣಕಾಲ ಮೇಲೆ ಮಲಗಿಯೇ ಇತ್ತು. ಹಾಡು ಮುಗಿಯಿತು.

"ಹೋಯ್ತು," ಆಕೆ ಕಣ್ಣು ಬಿಟ್ಟಳು. "ನಿಮಗೂ ಕೇಳಿಸ್ತು ಅಲ್ವಾ ಆಗ?"

"ಹೂಂ."

"ಹಾಗಾದ್ರೆ ನನ್ನ ತಲೆ ನೆಟ್ಟಗಿದೆ." ಆಕೆ ನಕ್ಕಳು. ಆ ಮುಖದಲ್ಲಿ ನಗು ಇಷ್ಟು ಜಾಗ ತೆಗೆದುಕೊಳ್ಳುತ್ತದೆ ಎಂದು ಮೇಷ್ಟ್ರಿಗೆ ಗೊತ್ತಿರಲಿಲ್ಲ. "ಮತ್ತೆ ಹಿಂದಿನ ಎರಡು ಸಲ ಯಾಕೆ ಕೇಳಿಸ್ಲಿಲ್ಲ?"

"ಆವಾಗ ಬಂದಿರ್ಲಿಲ್ಲ ಅನ್ಸುತ್ತೆ."

ನಗು ನಿಂತಿತು. ಆಕೆ ಕಿವಿ ಡಾಕ್ಟರ ಕಾಗದವನ್ನು ಮೇಜಿನ ಮೇಲಿಟ್ಟು, ಅದರ ಮಡಿಕೆಯನ್ನು ಬೆರಳಿನಿಂದ ತೀಡತೊಡಗಿದಳು. ಅವರು ಪಕ್ಕಡು, ಸ್ಕ್ರೂಡ್ರೈವರು ಎಲ್ಲ ಚೀಲಕ್ಕೆ ತುಂಬಿದರು. ಜಿಪ್ಪು ಅರ್ಧ ಎಳೆದು ನಿಲ್ಲಿಸಿದರು.

"ಬಂದಿತ್ತಮ್ಮ," ಎಂದರು. "ಎರಡು ಸಲನೂ ಬಂದಿತ್ತು. ನನಗೆ ಕೇಳಿಸ್ಲಿಲ್ಲ. ಇವತ್ತೂ ಕೇಳಿಸ್ಲಿಲ್ಲ. ದೀಪ ನೋಡಿದೆ, ನಿಮ್ಮ ಬೆರಳು ನೋಡಿದೆ. ಅಷ್ಟೇ."

ಆಕೆ ಅವರನ್ನೇ ದಿಟ್ಟಿಸಿದಳು, ಸಾಲಿನಲ್ಲಿ ಬಿಟ್ಟುಹೋದ ಅಕ್ಷರವನ್ನು ನೋಡುವವಳ ಹಾಗೆ. ಅಯ್ಯೋ ಎನ್ನಲಿಲ್ಲ. ಒಳಗೆ ಹೋಗಿ ಒಂದು ಲೋಟ ನೀರು ತಂದು ಕೊಟ್ಟಳು.

"ನಮ್ಮ ಪ್ರೆಸ್ಸಲ್ಲಿ ಮುಂಚೆ ಇಬ್ಬರು ಕೂತು ಪ್ರೂಫ್ ನೋಡ್ತಿದ್ವಿ. ಒಬ್ಬರು ಜೋರಾಗಿ ಓದೋದು, ಇನ್ನೊಬ್ಬರು ಕಣ್ಣಾಡಿಸೋದು. ಒಬ್ಬರಿಗೆ ತಪ್ಪಿದ್ದು ಇನ್ನೊಬ್ಬರಿಗೆ ಸಿಗೋದು. ನಂಗೆ ಓದ್ತಿದ್ದ ಅಜ್ಜ ಕೆಲಸ ಬಿಟ್ಟು ನಾಲ್ಕು ವರ್ಷ ಆಯ್ತು."

"ಈಗ?"

"ಈಗ ಏನು, ನಾನೇ ಓದ್ಕೊಂಡು ನಾನೇ ನೋಡ್ತೀನಿ. ತಪ್ಪು ಉಳಿಯುತ್ತೆ."

ಅವರು ನೀರು ಕುಡಿದು ಎದ್ದರು. ಹೆಬ್ಬೆರಳಿಗೆ ಅಂಟಿದ್ದ ಟೇಪಿನ ಚೂರನ್ನು ರೂಢಿಯಂತೆ ದೀಪದ ಮೇಲೆ ಇಡಲು ಬಗ್ಗಿದಾಗ ಆಕೆ, "ಬೇಡ, ಹಾಗೇ ಇರ್ಲಿ" ಎಂದಳು.

ಅಂಗಡಿಗೆ ಬಂದಾಗ ಬೀದಿಯಲ್ಲಿ ಇನ್ನೂ ಬೆಳಕಿತ್ತು. ಬಾಗಿಲು ಅರ್ಧ ಎಳೆದು, ಹಿಂದಿನ ಕೋಣೆಯಲ್ಲಿ ತಮ್ಮ ಸ್ವಂತ ಸೆಟ್ಟಿನ ಮುಂದೆ ಕೂತರು. ಆರು ವರ್ಷದಿಂದ ಪ್ರತಿ ಸಂಜೆ ಅವರು ಒಬ್ಬರೇ ಕೂರುವ ಕುರ್ಚಿ. ಪಕ್ಕದಲ್ಲಿ ಹೆಂಡತಿಯ ಕುರ್ಚಿಯ ಮೇಲೆ ಹಳೆಯ ಕೇಬಲ್ಲುಗಳ ಸುರುಳಿ. ಅವಳಿಗೆ ಇಷ್ಟವಾಗಿದ್ದ ಕೊಳಲನ್ನು ಹಾಕಿದರು. ಎಂದಿನಂತೆ ಬೆಣ್ಣೆ.

ಎದ್ದು ಹೋಗಿ ಡಬ್ಬಿಯ ಮೇಲಿನ ಟೇಪು ಕಿತ್ತರು. ಹಳೆಯ ಟೇಪು; ಅಂಟೆಲ್ಲ ಅಲ್ಲೇ ಉಳಿಯಿತು, ಅದನ್ನು ಹೆಬ್ಬೆರಳಿನಿಂದ ಉಜ್ಜಿದರು. ಹಸಿರು ದೀಪ ಉರಿಯುತ್ತಿತ್ತು. ವಾಪಸು ಬಂದು ಕೂತು, ಮೊಣಕಾಲ ಮೇಲೆ ಕೈಯಿಟ್ಟು ಅದನ್ನೇ ನೋಡುತ್ತಾ ಇದ್ದರು.

ಕೊಳಲು ಮೇಲೇರಿತು. ದೀಪ ಒಮ್ಮೆ ಆರಿ ಹತ್ತಿತು.

ಮೇಷ್ಟ್ರು ಬೆರಳು ಎತ್ತಿದರು.