ಈರನ ಚುಕ್ಕಾಣಿ ಲೆಕ್ಕ

ನೂಲಹುಣ್ಣಿಮೆಗೆ ಕಡಲಿಗೆ ಕಾಯಿ ಒಪ್ಪಿಸಿಯಾಗಿತ್ತು. ಬೆಳಗಾದರೆ ದೋಣಿಗಳು ನೀರಿಗಿಳಿಯುತ್ತವೆ. ಈರ ಚುಕ್ಕಾಣಿ ಹಿಡಿದು ಕೂತನೆಂದರೆ ಮುಂದಿನ ಮಳೆಗಾಲದವರೆಗೆ ಹಗಲಿನಲ್ಲಿ ಮನೆಯವರಿಗೆ ಸಿಗುವವನಲ್ಲ. ಅದಕ್ಕೇ ಮಗಳು ಸುಬ್ಬಿಯ ಹಟ: ಇವತ್ತೇ ಸೈಕಲ್ಲು ಕಲಿಯಬೇಕು, ಅಪ್ಪನ ಕಣ್ಣೆದುರೇ ಒಬ್ಬಳೇ ಹೊಡೆಯಬೇಕು.

ಸಂಜೆ ಕಡಲಿನ ಇಳಿತಕ್ಕೆ ಕಾಸರಕೋಡಿನ ದಂಡೆಯ ಒದ್ದೆ ಮರಳು ಗಟ್ಟಿಯಾಗಿತ್ತು. "ಉಪ್ಪುನೀರು ಮಾತ್ರ ತಾಗಿಸ್ಬೇಡ ಮಾರಾಯ" ಎಂದೇ ಸೈಕಲ್ಲಂಗಡಿಯ ರಮಾನಂದ ಬಾಡಿಗೆ ಸೈಕಲ್ಲು ಕೊಟ್ಟಿದ್ದ. ಸುಬ್ಬಿ ಅಡ್ಡಕಂಬಿಯ ಕೆಳಗಿನಿಂದ ಕಾಲು ತೂರಿಸಿದಳು. ಈರ ಸೀಟು ಹಿಡಿದ.

"ನಿಂಗೆ ಸೈಕಲ್ಲು ಬತ್ತದಾ ಅಪ್ಪಾ?"

"ಅಷ್ಟು ದೊಡ್ಡ ದೋಣಿ ತಿರುಗಿಸ್ದವಂಗೆ ಇದೆಂತ ಮಹಾ! ತುಳಿ."

ಸ್ವಲ್ಪ ದೂರದಲ್ಲಿ, ಎಡಗಡೆ, ನೆರೆಮನೆಯ ಮಾಸ್ತಮ್ಮ ಬಲೆ ಹರಡಿಕೊಂಡು ಕೂತಿದ್ದಳು. ಸೈಕಲ್ಲು ಅತ್ತಲೇ ವಾಲಿತು.

"ಬಲೆ, ಬಲೆ! ಎಡಕ್ಕೆ ತಳ್ಳೇ!" ಈರ ಕೂಗಿದ.

ಸುಬ್ಬಿ ಹ್ಯಾಂಡಲ್ಲನ್ನು ಎಡಕ್ಕೇ ತಳ್ಳಿದಳು. ಸೈಕಲ್ಲು, ಸುಬ್ಬಿ, ಹಿಂದೆ ಓಡಿಬಂದ ಈರ, ಮೂರೂ ಬಲೆಯೊಳಗೆ.

"ಎಂತ ಈರಾ, ನಾಳೆ ಹಿಡೂದು ಇವತ್ತೇ ಹಿಡ್ದ್ಯಾ?" ಎಂದಳು ಮಾಸ್ತಮ್ಮ.

ಎರಡನೇ ಸಲ ಸೈಕಲ್ಲು ಬಲಕ್ಕೆ, ತೆರೆಯ ಕಡೆ ಸರಿಯಿತು. "ಬಲಕ್ಕೆ ತಳ್ಳು!" ಎಂದ ಈರ. ಸೈಕಲ್ಲು ಸೀದಾ ನೀರಿಗೆ.

"ನೀ ಹೇಳ್ದಾಂಗೇ ಮಾಡ್ದೆ!" ಸುಬ್ಬಿ ಅಳುಮೋರೆ ಮಾಡಿದಳು.

ಮಾಸ್ತಮ್ಮ ಹೊಟ್ಟೆ ಹಿಡಿದು ನಕ್ಕಳು. "ಅದು ಚುಕ್ಕಾಣಿ ಲೆಕ್ಕ ಮಾರಾಯ! ಎಡಕ್ಕೆ ತಳ್ಳಿದ್ರೆ ಬಲಕ್ಕೆ ಹೋಗೂಕೆ ಇದೆಂತ ದೋಣಿಯಾ?"

ಈರ ತನ್ನ ಕೈಯನ್ನೇ ನೋಡಿಕೊಂಡ. ಕೂಗುವಾಗೆಲ್ಲ ಅದು ಇಲ್ಲದ ಚುಕ್ಕಾಣಿಯನ್ನು ತಳ್ಳುತ್ತಿತ್ತು. "ಈ ಕೈ ಇನ್ನು ಬೇರೆ ಕಲಿಯೂದಿಲ್ಲ" ಎಂದ.

"ನೀ ಕೂಗು ಅಪ್ಪಾ," ಸುಬ್ಬಿ ಮೂಗು ಒರೆಸಿಕೊಂಡಳು, "ನಾ ಉಲ್ಟಾ ಮಾಡ್ತೆ."

ಈರ ಕೂಗಿದ, ಸುಬ್ಬಿ ಉಲ್ಟಾ ಮಾಡಿದಳು. ಬಲೆ ತಪ್ಪಿತು, ತೆರೆ ತಪ್ಪಿತು. ಓಡಿ ಓಡಿ ಉಸಿರು ಕಟ್ಟಿದ ಈರ ಯಾವಾಗ ಸೀಟು ಬಿಟ್ಟನೋ ಅವನಿಗೇ ತಿಳಿಯಲಿಲ್ಲ. ಸುಬ್ಬಿ ಮಾತ್ರ ಹೋಗುತ್ತಲೇ ಇದ್ದಳು.

"ಅಪ್ಪಾ, ನಿಲ್ಸೂದು ಹ್ಯಾಂಗೆ?"

ಅದನ್ನು ಹೇಳಿಕೊಟ್ಟಿರಲೇ ಇಲ್ಲ. ಈರನಿಗೆ ಗೊತ್ತಿದ್ದದ್ದು ಒಂದೇ.

"ದಂಡೆಗೆ ಹತ್ಸು!"

ಈ ಸಲ ಸುಬ್ಬಿ ಉಲ್ಟಾ ಮಾಡಲಿಲ್ಲ. ಮೇಲಿನ ಒಣ ಮರಳಿಗೆ ಹತ್ತಿಸಿದಳು. ಗಾಲಿ ಹೂತು, ಸೈಕಲ್ಲು ದಡ ಸೇರಿದ ದೋಣಿಯಂತೆ ಮೆತ್ತಗೆ ನಿಂತಿತು.