ಕಿಟಕಿಗೆ ಕಿಟಕಿ

"ಕಿಟಕಿಗೆ ಕಿಟಕಿನೇ ಕೊಡ್ತೀನಿ ತಮ್ಮಾ. ಇಪ್ಪತ್ತಮೂರನೇ ಸಾಲು, ಇಲ್ಲಿಗಿಂತ ಐದು ಸಾಲು ಮುಂದೆ. ಟಾಯ್ಲೆಟ್ ಬಾಗಿಲ ಕಾಟ ಇರಲ್ಲ, ಇಳಿಯೋವಾಗಲೂ ಬೇಗ ಇಳೀಬಹುದು. ಆಗಲ್ಲ ಅಂದ್ರೂ ನನಗೇನೂ ಬೇಜಾರಿಲ್ಲ, ಸಂಕೋಚ ಬೇಡ."

ಕೈಚೀಲವನ್ನು ಎದೆಗೆ ಒತ್ತಿಕೊಂಡು, ಹಿಂದಿನಿಂದ ನುಗ್ಗುತ್ತಿದ್ದವರಿಗೆ ದಾರಿ ಬಿಡಲು ಸೀಟಿನ ಅಂಚಿಗೆ ಸೊಂಟ ಒರಗಿಸಿ ನಿಂತು ಅವಳು ಕೇಳುತ್ತಿದ್ದಳು. ಇಪ್ಪತ್ತೆಂಟನೇ ಸಾಲಿನ ಕಿಟಕಿಯ ಪಕ್ಕ ಕೂತಿದ್ದ ಯುವಕನ ಮಂಡಿಗಳು ಮುಂದಿನ ಸೀಟಿನ ಬೆನ್ನಿಗೆ ತಾಗಿದ್ದವು. ನಡುವಿನ ಸೀಟಿನಲ್ಲಿ ಅವಳ ಗಂಡ. ಈ ಬದಿಯಲ್ಲಿ ಒಬ್ಬ ಅಜ್ಜಿ. ಮಡಿಲಲ್ಲಿ ನೀಲಿ ಉಣ್ಣೆಯ ಉಂಡೆ, ಕೈಯಲ್ಲಿ ಮರದ ಕಡ್ಡಿಗಳು, ಅರ್ಧ ಹೆಣೆದ ಒಂದು ಪುಟ್ಟ ತೋಳು.

"ಇವರಿಗೆ ವಿಮಾನ ಇಳಿಯೋವಾಗ ಕಿವಿ ಕಟ್ಕೊಂಡು ವಿಪರೀತ ನೋವು ಬರುತ್ತೆ. ಪಕ್ಕದಲ್ಲಿದ್ರೆ ನೋಡ್ಕೋಬಹುದು ಅಂತ."

"ಯಾರಿಗ್ಯಾಕೆ ತೊಂದರೆ ಕೊಡ್ತೀಯ?" ಗಂಡ ಫೋನಿನಿಂದ ತಲೆ ಎತ್ತಲಿಲ್ಲ. "ಎರಡು ಗಂಟೆ ತಾನೇ. ಹೋಗಿ ನಿನ್ನ ಜಾಗದಲ್ಲಿ ಕೂತ್ಕೋ."

ಅವಳಿಗೆ ಅದು ಅವನ ದಾಕ್ಷಿಣ್ಯ ಅನ್ನಿಸಿತು. ಇದ್ದರೂ ಇರಲಿ, ತಾನೇನೂ ಮರ್ಯಾದೆ ಮೀರಿ ಕೇಳುತ್ತಿಲ್ಲವಲ್ಲ. ಸೀಟು ಬದಲಿಸಿಕೊಳ್ಳುವುದಕ್ಕೂ ಒಂದು ಕ್ರಮವಿದೆ, ಅದನ್ನು ಅವಳು ಯೋಚಿಸಿಕೊಂಡೇ ಬಂದಿದ್ದಳು. ಕೊಡುವ ಜಾಗ ಕೇಳುವ ಜಾಗಕ್ಕಿಂತ ಕೂದಲೆಳೆಯಷ್ಟಾದರೂ ಮೇಲಿರಬೇಕು. ಮೊದಲು ಕೂತುಬಿಟ್ಟು ಆಮೇಲೆ ಕೇಳಬಾರದು. ಒಂದೇ ಸಲ ಕೇಳಬೇಕು. ಇಲ್ಲ ಅಂದವರ ಮುಖವನ್ನು ಎರಡನೇ ಸಲ ನೋಡಬಾರದು. ತನ್ನ ಪಕ್ಕದ ಇಪ್ಪತ್ತಮೂರು ಬಿಯಲ್ಲಿದ್ದವನನ್ನು ಕೇಳಿದ್ದರೆ ಕೆಲಸ ಸಲೀಸಾಗುತ್ತಿತ್ತು. ಆದರೆ ಅವನನ್ನು ಎಬ್ಬಿಸಿ ಹಿಂದಿನ ನಡುವಿನ ಸೀಟಿಗೆ ಕಳಿಸಿದರೆ ಅವನಿಗೆ ನಷ್ಟ. ಆದ್ದರಿಂದ ಅವನನ್ನು ಕೇಳದೆ ಐದು ಸಾಲು ಹಿಂದಕ್ಕೆ ನಡೆದು ಬಂದಿದ್ದಳು.

"ಹೋಗಪ್ಪಾ, ಹೋಗು," ಅಜ್ಜಿ ಕಡ್ಡಿಯಿಂದಲೇ ಯುವಕನಿಗೆ ದಾರಿ ತೋರಿಸಿದಳು. "ಇಂಥವರೂ ಇದ್ದಾರಲ್ಲ, ನೋಡು! ನಮ್ಮನೆಯವರು ಇದ್ದಾಗ ನಾನು ಬಸ್ ಹತ್ತಿದ ಕೂಡಲೇ ಹೆಂಗಸರ ಸೀಟು ಹುಡುಕ್ತಿದ್ದೆ. ಎಷ್ಟು ವರ್ಷ ಆಯ್ತಮ್ಮಾ ಮದುವೆಯಾಗಿ?"

"ಇಪ್ಪತ್ತೊಂಬತ್ತು."

"ಇಪ್ಪತ್ತೊಂಬತ್ತು ವರ್ಷ ಆದ್ಮೇಲೂ ಎರಡು ಗಂಟೆ ಬಿಟ್ಟಿರಕ್ಕಾಗಲ್ಲ!"

ಮುಂದಿನ ಸಾಲಿನಲ್ಲಿ ಯಾರೋ ನಕ್ಕರು. "ಪುಣ್ಯವಂತರು ಸಾರ್ ನೀವು," ಎಂದು ಒಬ್ಬ ತಿರುಗಿ ನೋಡಿಯೇ ಹೇಳಿದ. ಗಂಡ ತುಟಿಯ ಒಂದು ಅಂಚಿನಲ್ಲಿ ನಕ್ಕ. ಅವನು ವಿಮಾ ಸರ್ವೇಯರ್. ಅಪಘಾತವಾದ ವಾಹನಗಳ ನಷ್ಟವನ್ನು ಅಂದಾಜು ಮಾಡುವುದು ಅವನ ಕೆಲಸ. ನಜ್ಜುಗುಜ್ಜಾದ ಕಾರಿನ ಪಕ್ಕ ನಿಂತು ಮಾಲೀಕರು ಹೇಳುವ ಕಥೆಗಳನ್ನೆಲ್ಲ ಅವನು ಇದೇ ನಗುವಿನಲ್ಲಿ ಕೇಳಿಸಿಕೊಂಡು, ಕೊನೆಗೆ "ಮುಖ್ಯ ವಿಷಯಕ್ಕೆ ಬನ್ನಿ" ಅನ್ನುತ್ತಿದ್ದ.

ಯುವಕ ಎದ್ದ. ಅವನು ಹೊರಬರಲು ಅಜ್ಜಿ ಏಳಬೇಕಾಯಿತು, ಗಂಡ ಏಳಬೇಕಾಯಿತು, ಉಣ್ಣೆಯ ಉಂಡೆ ಉರುಳಿ ಎರಡು ಸಾಲು ಮುಂದಕ್ಕೆ ಹೋಗಿ ಕೈಯಿಂದ ಕೈಗೆ ವಾಪಸ್ ಬಂತು. "ಥ್ಯಾಂಕ್ಸ್ ಆಂಟಿ, ಅಲ್ಲಿ ಕಾಲು ಚಾಚೋಕೆ ಜಾಗ ಇದೆಯಾ?" ಎಂದ. "ಇದೆಯಪ್ಪಾ, ನಾನೇ ನೋಡಿ ಬಂದಿದೀನಿ," ಎಂದಳು. ಹಾಗೆ ನೋಡಿ ಬಂದಿದ್ದಳು ಕೂಡ.

ಕಿಟಕಿಯ ಪಕ್ಕ ಕೂತು ಬೆಲ್ಟು ಬಿಗಿದುಕೊಂಡಾಗ ಗೊತ್ತಾಯಿತು: ಆ ಸಾಲಿಗೆ ಕಿಟಕಿ ಸರಿಯಾಗಿ ಸಿಕ್ಕಿರಲಿಲ್ಲ. ಭುಜದ ಹಿಂದೆ ಅಂಗೈಯಗಲ ಗಾಜು, ಮುಖದ ಪಕ್ಕ ಬರೀ ಬಿಳಿಯ ಗೋಡೆ. ಪರವಾಗಿಲ್ಲ ಅಂದುಕೊಂಡಳು. ಅವಳು ಮೋಡ ನೋಡಲು ಬಂದವಳಲ್ಲ.

ಒಂದು ಆಸ್ಪತ್ರೆಯ ಪ್ರಯೋಗಾಲಯದಲ್ಲಿ ಅವಳು ಇಪ್ಪತ್ತಾರು ವರ್ಷಗಳಿಂದ ಟೆಕ್ನೀಷಿಯನ್. ರೋಗಿಗಳ ದೇಹದಿಂದ ತೆಗೆದ ಚೂರನ್ನು ಮೇಣದಲ್ಲಿ ಹುದುಗಿಸಿ, ಕೂದಲಿಗಿಂತ ತೆಳ್ಳಗೆ ಕೊಯ್ದು, ಗಾಜಿನ ಪಟ್ಟಿಯ ಮೇಲೆ ಕೂರಿಸಿ ಬಣ್ಣ ಹಾಕುವುದು ಅವಳ ಕೆಲಸ. ನೋಡಿ ವರದಿ ಬರೆಯುವವರು ಡಾಕ್ಟರು. ಅಲ್ಲಿ ಹೆಸರುಗಳಿಲ್ಲ, ಸಂಖ್ಯೆಗಳು ಮಾತ್ರ. ಒಬ್ಬರ ಚೂರು ಇನ್ನೊಬ್ಬರ ಸಂಖ್ಯೆಗೆ ಅದಲುಬದಲಾದರೆ ಎರಡು ಮನೆ ಹಾಳು. ಅದಕ್ಕೇ ಪ್ರತಿ ಚೀಟಿಯನ್ನೂ ಮೂರು ಸಲ ಓದುತ್ತಿದ್ದಳು: ಎಡದಿಂದ ಒಮ್ಮೆ, ಬಲದಿಂದ ಒಮ್ಮೆ, ಬಾಯಿಬಿಟ್ಟು ಒಮ್ಮೆ. ಹೊಸದಾಗಿ ಸೇರಿದವರಿಗೆ ಮೊದಲ ದಿನವೇ ಹೇಳುತ್ತಿದ್ದಳು, "ಮೂರು, ಎಂಟು ಎರಡೂ ಕಳ್ಳರು. ಒಂದು ಇನ್ನೊಂದರ ವೇಷ ಹಾಕುತ್ತೆ. ಮೂರರ ತಲೆ ಚಪ್ಪಟೆ ಮಾಡಿ ಬರೀರಿ." ಇಪ್ಪತ್ತಾರು ವರ್ಷದಲ್ಲಿ ಅವಳ ಕೈಯಿಂದ ಒಂದು ಚೀಟಿಯೂ ತಪ್ಪಿರಲಿಲ್ಲ.

ಬುಧವಾರ ಅವಳದೇ ಒಂದು ಚೂರು ಆ ಮೇಜಿಗೆ ಬಂತು. ಎಡ ಕಂಕುಳ ಬಳಿ ಒಂದು ಗಂಟು. ಮಧ್ಯಾಹ್ನದ ಬಿಡುವಿನಲ್ಲಿ ಮೇಲಿನ ಮಹಡಿಗೆ ಹೋಗಿ ತೆಗೆಸಿಕೊಂಡು ಬಂದಿದ್ದಳು. ಮನೆಯಲ್ಲಿ ಹೇಳಿರಲಿಲ್ಲ. ಡಾಕ್ಟರು ರಜೆಯಲ್ಲಿದ್ದರು, ವರದಿ ಮುಂದಿನ ಸೋಮವಾರ. ಗುರುವಾರ ಸಂಜೆ ಎಲ್ಲರೂ ಹೋದ ಮೇಲೆ ಅವಳೇ ಆ ಪಟ್ಟಿಯನ್ನು ಸೂಕ್ಷ್ಮದರ್ಶಕದ ಕೆಳಗಿಟ್ಟಳು. ಅದು ಅವಳ ಅಧಿಕಾರದ್ದಲ್ಲ. ಆದರೆ ಇಪ್ಪತ್ತಾರು ವರ್ಷ ಬಣ್ಣ ಹಾಕಿದವಳಿಗೆ ಚಿತ್ರ ಗೊತ್ತಾಗದೆ ಇರುತ್ತದೆಯೇ? ಸರಿಯಿರುವ ಜೀವಕೋಶಗಳು ತಮ್ಮ ತಮ್ಮ ಸಾಲಿನಲ್ಲಿ ಕೂತಿರುತ್ತವೆ. ಇಲ್ಲಿ ಅವು ಸಾಲು ಬಿಟ್ಟು ಎದ್ದು, ಒಂದರ ಜಾಗಕ್ಕೆ ಇನ್ನೊಂದು ನುಗ್ಗಿದ್ದವು. ಚೀಟಿಯನ್ನು ಮೂರು ಸಲ ಓದಿದಳು. ಸಂಖ್ಯೆ ಅವಳದೇ.

ಅಂದು ರಾತ್ರಿ ಊಟ ಬಡಿಸುತ್ತಾ, "ಶನಿವಾರ ವಿಮಾನದಲ್ಲಿ ನಿಮ್ಮ ಹತ್ರ ಒಂದು ವಿಷಯ ಮಾತಾಡ್ಬೇಕು ರೀ," ಎಂದಿದ್ದಳು. ಮನೆಯಲ್ಲಿ ಆಗುವ ಮಾತಲ್ಲ ಅದು. ಮನೆಯಲ್ಲಿ ಅವಳು ಎರಡನೇ ವಾಕ್ಯಕ್ಕೆ ಬರುವಷ್ಟರಲ್ಲಿ ಅವನು ಎದ್ದು ನಲ್ಲಿ ನೋಡಲು ಹೋಗುತ್ತಿದ್ದ, ಫೋನ್ ಬಂತೆಂದು ಬಾಲ್ಕನಿಗೆ ಹೋಗುತ್ತಿದ್ದ. ವಿಮಾನದಲ್ಲಿ ಎದ್ದು ಹೋಗಲು ಜಾಗವಿಲ್ಲ. ಇಳಿದರೆ ಮಗಳ ಮನೆ. ಮಗಳು ಮುಖ ನೋಡಿದ ಕೂಡಲೇ ಕಂಡುಹಿಡಿಯುತ್ತಾಳೆ. ಅದಕ್ಕೆ ಮೊದಲು ಅವನಿಗೆ ಗೊತ್ತಿರಬೇಕು. ಮಗಳ ಮನೆ ಮೆಟ್ಟಿಲು ಹತ್ತುವಾಗ ಇದನ್ನು ಹೊತ್ತವಳು ತಾನೊಬ್ಬಳೇ ಆಗಿರಬಾರದು.

ಇವತ್ತು ಬೆಳಿಗ್ಗೆ ವಿಮಾನ ಹತ್ತುವ ಬಾಗಿಲಲ್ಲಿ ಅವನು ಅವಳ ಕೈಗೆ ಬೋರ್ಡಿಂಗ್ ಚೀಟಿ ಕೊಟ್ಟ. ಅವಳದು ಇಪ್ಪತ್ತಮೂರು ಎ. ಅವನದು ಇಪ್ಪತ್ತೆಂಟು ಬಿ.

"ರೀ, ನಿಮ್ಮದು ಇಪ್ಪತ್ತಮೂರು ಬಿ ಅಲ್ವಾ? ಸೋಮವಾರ ನಿಮ್ಮ ಫೋನಲ್ಲಿ ನಾನೇ ನೋಡಿದೀನಿ."

"ಮೊದಲಿಂದಲೂ ಇಪ್ಪತ್ತೆಂಟೇ. ಕಂಪ್ಯೂಟರ್ ಹಾಗೆ ಕೊಟ್ಟಿದೆ. ನೀನೇ ಸರಿಯಾಗಿ ನೋಡಿಲ್ಲ."

ಸರತಿಯಲ್ಲಿ ನಿಂತಲ್ಲೇ ಅವಳೊಳಗೆ ಏನೋ ಸಡಿಲವಾಗಿತ್ತು. ಎಂಟನ್ನು ಮೂರು ಎಂದು ಓದಿದ್ದೆನೇ? ಮೂರು ಸಲ ನೋಡಿಯೂ? ಹಾಗಿದ್ದರೆ ಈ ಕಣ್ಣಿಗೂ ಐವತ್ತೆರಡು ವರ್ಷ ಆಯಿತು. ಸೋಮವಾರ ಫೋನಿನಲ್ಲಿ ತಪ್ಪಿದ ಕಣ್ಣು ಗುರುವಾರ ಗಾಜಿನ ಮೇಲೂ ತಪ್ಪಿರಬಹುದು. ಬಣ್ಣ ಹೆಚ್ಚಾಗಿರಬಹುದು. ಇಪ್ಪತ್ತಾರು ವರ್ಷ ಹೆಮ್ಮೆಯಿಂದ ಕಾದುಕೊಂಡು ಬಂದ ಕಣ್ಣು ಮೋಸ ಮಾಡಿತೆಂದು ಅವಳಿಗೆ ಕುಣಿಯುವಷ್ಟು ಸಂತೋಷವಾಗಿತ್ತು. ಸೀಟಿಗೆ ಸೀಟು ಕೇಳುವ ಧೈರ್ಯ ಬಂದದ್ದೂ ಆ ಸಂತೋಷದಿಂದಲೇ.

ವಿಮಾನ ಮೇಲೇರಿ ಸಮನಾಯಿತು. ಬೆಲ್ಟಿನ ದೀಪ ಆರಿತು. ಮೂರು ವಾಕ್ಯಕ್ಕೆ ಮಾತನ್ನು ಇಳಿಸಿಟ್ಟಿದ್ದಳು, ಅವನು ಮುಖ್ಯ ವಿಷಯಕ್ಕೆ ಬಾ ಅನ್ನದ ಹಾಗೆ. ಈಗ ಕೊನೆಗೊಂದು ನಾಲ್ಕನೆಯದನ್ನೂ ಸೇರಿಸಿದ್ದಳು: ನಾನೇ ತಪ್ಪು ನೋಡಿರಬಹುದು.

"ರೀ," ಎಂದಳು.

"ಹ್ಞೂಂ."

"ಸಾರ್, ಒಂದು ನಿಮಿಷ." ಗಗನಸಖಿ ತಳ್ಳುಗಾಡಿಯ ಜೊತೆ ಬಂದು ನಿಂತಿದ್ದಳು, ಕೈಯಲ್ಲಿ ಊಟದ ಪಟ್ಟಿ. "ಮೊದಲೇ ಹೇಳಿದ ಊಟ ಎರಡಿದೆ. ಒಂದು ಇಪ್ಪತ್ತಮೂರು ಎ. ಅಲ್ಲಿರೋರು ತಮ್ಮದಲ್ಲ ಅಂದ್ರು, ಹಿಂದೆ ಒಬ್ಬರು ಆಂಟಿ ಜೊತೆ ಸೀಟ್ ಬದಲಾಯಿಸಿದ್ದು ಅಂದ್ರು. ನೀವೇನಾ ಮೇಡಂ?"

"ಹೌದಮ್ಮಾ, ನಾನೇ."

"ಇನ್ನೊಂದು ಇಪ್ಪತ್ತಮೂರು ಬಿ. ಅದು ಸಾರ್‌ದು." ಪಟ್ಟಿಯ ಮೇಲೆ ಬೆರಳಾಡಿಸಿ ನಕ್ಕಳು. "ಗುರುವಾರ ರಾತ್ರಿ ನೀವು ಇಪ್ಪತ್ತಮೂರರಿಂದ ಇಪ್ಪತ್ತೆಂಟಕ್ಕೆ ಬದಲಾಯಿಸ್ಕೊಂಡಿದೀರಲ್ಲ ಸಾರ್, ಸೀಟ್ ಮಾತ್ರ ಬದಲಾಗಿದೆ, ಊಟ ಹಳೇ ಸೀಟಲ್ಲೇ ಉಳ್ಕೊಂಡುಬಿಟ್ಟಿದೆ. ಅದಕ್ಕೇ ಹುಡುಕಾಡಿಬಿಟ್ಟೆ. ಸದ್ಯ, ಈಗ ಇಬ್ಬರೂ ಒಟ್ಟಿಗೆ ಸಿಕ್ಕಿದ್ರಲ್ಲ!"

ಎರಡು ಪೊಟ್ಟಣಗಳು ಎರಡು ಮಡಿಲಿಗೆ ಬಂದವು. ತಳ್ಳುಗಾಡಿ ಮುಂದಕ್ಕೆ ಹೋಯಿತು. ಅಜ್ಜಿಯ ಕಡ್ಡಿಗಳು ನಿಂತಿದ್ದವು.

"ಕಂಪ್ಯೂಟರಲ್ಲಿ ಏನೇನೋ ತಪ್ಪು ಬರುತ್ತಮ್ಮಾ," ಎಂದಳು ಅಜ್ಜಿ, ಯಾರ ಮುಖವನ್ನೂ ನೋಡದೆ.

ಗಂಡ ಪೊಟ್ಟಣದ ಮುಚ್ಚಳ ತೆಗೆದ. ಒಳಗೇನಿದೆ ಎಂದು ನೋಡಿದ. ಮತ್ತೆ ಮುಚ್ಚಿದ.

"ನೀನು ಏನೋ ಮಾತಾಡ್ಬೇಕು ಅಂದಿದ್ದೆಯಲ್ಲ," ಎಂದ, ಅಜ್ಜಿಗೆ ಕೇಳಬಾರದೆಂದು ತಗ್ಗಿಸಿದ ದನಿಯಲ್ಲಿ. ಆದರೆ ಅಜ್ಜಿಗೆ ಕೇಳಿಸಿತು. "ಎರಡು ಗಂಟೆ, ಕಟ್ಟಿಹಾಕಿದ ಹಾಗೆ. ನಿಮ್ಮ ತಮ್ಮನ ವಿಷಯ ಇರುತ್ತೆ, ಇಲ್ಲ ಅಡುಗೆಮನೆ ಸಿಂಕಿನ ವಿಷಯ. ವಾರಪೂರ್ತಿ ಊರವರ ಗೋಳೆಲ್ಲ ಕೇಳಿ ಕೇಳಿ ನನಗೂ ಸಾಕಾಗಿರುತ್ತೆ. ಸ್ವಲ್ಪ ನಿದ್ದೆ ಮಾಡೋಣ ಅಂದ್ಕೊಂಡೆ. ಅದರಲ್ಲೇನು ತಪ್ಪು? ಹಟ ಮಾಡಿ ಬಂದು ಕೂತಾಯ್ತಲ್ಲ ಈಗ. ಹೇಳು, ಏನದು?"

ಅವಳಿಗೆ ಅವನ ಮಾತು ಪೂರ್ತಿ ಕೇಳಿಸಿರಲಿಲ್ಲ. ಅದು ಮೂರೇ ಆಗಿತ್ತು. ಸೋಮವಾರ ಅವಳು ನೋಡಿದ ಸಂಖ್ಯೆ ಮೂರೇ. ಕಣ್ಣು ಸರಿಯಾಗಿಯೇ ಓದಿತ್ತು. ಎಡದಿಂದ ಒಮ್ಮೆ, ಬಲದಿಂದ ಒಮ್ಮೆ, ಬಾಯಿಬಿಟ್ಟು ಒಮ್ಮೆ. ಆ ಕಣ್ಣು ಯಾವತ್ತೂ ತಪ್ಪಿರಲಿಲ್ಲ, ಗುರುವಾರ ಸಂಜೆಯೂ.

ಸರತಿಯಲ್ಲಿ ಸಡಿಲವಾಗಿದ್ದದ್ದು ಮತ್ತೆ ತನ್ನ ಜಾಗಕ್ಕೆ ಬಂದು ಕೂತಿತು. ಎಡ ಮೊಣಕೈಯನ್ನು ಪಕ್ಕೆಗೆ ಒತ್ತಿಕೊಂಡಳು.

"ಹೇಳೇ. ಮುಖ್ಯ ವಿಷಯ ಏನು?"

"ಸಿಂಕು," ಎಂದಳು. "ಸೋರ್ತಿದೆ."

"ನೋಡಿದ್ಯಾ?" ಅವನು ಅಜ್ಜಿಯ ಕಡೆಗೂ ಒಮ್ಮೆ ನೋಡಿದ, ಸಾಕ್ಷಿ ಬೇಕೆನ್ನುವ ಹಾಗೆ. "ಇದಕ್ಕೆ ಒಬ್ಬ ಹುಡುಗನ್ನ ಎಬ್ಬಿಸಿ ಕಳಿಸಿದ್ದು."

ಊಟ ಮುಗಿಸಿದ. ಅವಳು ಮುಟ್ಟದೆ ಇಟ್ಟಿದ್ದ ಪೊಟ್ಟಣದಿಂದ ಸಿಹಿಯ ತುಂಡೊಂದನ್ನು ತೆಗೆದುಕೊಂಡ. ಆಮೇಲೆ ಕೈಕಟ್ಟಿ, ತಲೆ ಹಿಂದಕ್ಕೆ ಒರಗಿಸಿ ನಿದ್ದೆಹೋದ. ನಟನೆಯಲ್ಲ, ನಿಜವಾದ ನಿದ್ದೆ. ಬಾಯಿ ತುಸು ತೆರೆದುಕೊಂಡಿತ್ತು.

ಅಜ್ಜಿ ಅವನ ಎದೆಯ ಮೇಲಿಂದ ಬಗ್ಗಿ ಪಿಸುಗುಟ್ಟಿದಳು. "ನನ್ನ ಸೀಟಿಗೆ ಬರ್ತೀಯಾ ಮಗಾ? ನಾನು ಒಳಗೆ ಕೂರ್ತೀನಿ. ಇಲ್ಲ, ಆ ಹುಡುಗನ್ನ ಕರೆಸಿ ಹೇಳಿದ್ರೆ ನಿನ್ನ ಜಾಗ ವಾಪಸ್ ಕೊಡ್ತಾನೆ, ಒಳ್ಳೆಯವನ ಥರ ಇದ್ದ."

"ಬೇಡಮ್ಮಾ. ಕೊಟ್ಟಾದ ಮೇಲೆ ವಾಪಸ್ ಕೇಳಬಾರದು."

ಅಜ್ಜಿ ಕಡ್ಡಿಯ ಮೇಲಿನ ಉಣ್ಣೆಯ ಕುಣಿಕೆಗಳನ್ನು ಎಣಿಸುತ್ತಾ ಮತ್ತೆ ಹೆಣೆಯತೊಡಗಿದಳು. ಐದು ಸಾಲು ಮುಂದೆ, ಯುವಕನ ತಲೆ ಗಾಜಿಗೆ ಒರಗಿದ್ದು ಸೀಟುಗಳ ಸಂದಿಯಲ್ಲಿ ಕಾಣುತ್ತಿತ್ತು. ಅವನ ಮುಖದ ಮೇಲೆ ಬಿಸಿಲು ಬಿದ್ದಿತ್ತು. ಅವಳ ಮುಖದ ಪಕ್ಕ ಗೋಡೆ. ಅದರ ಬಿಳಿಯ ಮೇಲೆ ಉಗುರಿನಿಂದ ಯಾರೋ ಗೀಚಿದ್ದ ಸಣ್ಣ ಗೆರೆಯೊಂದಿತ್ತು. ಸುಮಾರು ಒಂದು ಗಂಟೆ ಅವಳು ಅದನ್ನು ನೋಡಿದಳು.

ವಿಮಾನ ಇಳಿಯತೊಡಗಿದಾಗ ಅವನಿಗೆ ಎಚ್ಚರವಾಯಿತು. ಮುಖ ಸಿಂಡರಿಸಿ ಎರಡು ಕಿವಿಗಳನ್ನೂ ಅಂಗೈಯಿಂದ ಒತ್ತಿಕೊಂಡ. ದವಡೆಯನ್ನು ಅತ್ತಿತ್ತ ಆಡಿಸಿದ. ಆಮೇಲೆ, ಕಣ್ಣು ಮುಚ್ಚಿಕೊಂಡೇ, ಒಂದು ಕೈಯನ್ನು ಅವಳ ಕಡೆಗೆ ಚಾಚಿ ಅಂಗೈ ಬಿಚ್ಚಿದ. ಪ್ರತಿ ಸಲವೂ ಹಾಗೆಯೇ. ಏನು ಬೇಕೆಂದು ಅವನು ಯಾವತ್ತೂ ಹೇಳಬೇಕಾಗಿರಲಿಲ್ಲ.

ಅವಳು ಕೈಚೀಲದ ಬಾಯಿ ತೆರೆದಳು. ಚೀಪುತ್ತಿದ್ದರೆ ಕಿವಿ ಕಟ್ಟುವುದಿಲ್ಲವೆಂದು ನಾಲ್ಕು ಪೆಪ್ಪರ್‌ಮಿಂಟು ತಂದಿದ್ದಳು. ಒಂದನ್ನು ತೆಗೆದಳು. ಕಾಗದ ಬಿಚ್ಚುವ ಸದ್ದಿಗೆ ಅವನ ಬೆರಳುಗಳು ತುಸು ಮುಂದಕ್ಕೆ ಬಂದವು. ಅವಳು ಅದನ್ನು ತನ್ನ ಬಾಯಿಗೆ ಹಾಕಿಕೊಂಡಳು. ಉಳಿದ ಮೂರನ್ನು ಅವನ ಮಂಡಿಯ ಮೇಲಿಂದ ಕೈಚಾಚಿ ಅಜ್ಜಿಗೆ ಕೊಟ್ಟಳು. ಅಜ್ಜಿ ತೆಗೆದುಕೊಂಡಳು.

"ಬೇಗ ಕೊಡು," ಎಂದ, ಹಲ್ಲು ಕಚ್ಚಿ. "ಸಿಡೀತಿದೆ."

ಚಕ್ರಗಳು ಕೆಳಗೆ ಬಿಚ್ಚಿಕೊಂಡ ಸದ್ದು ಕಾಲಡಿಯಲ್ಲಿ ನಡುಗಿತು. ಅವಳು ಪೆಪ್ಪರ್‌ಮಿಂಟಿನ ಕಾಗದವನ್ನು ಮಂಡಿಯ ಮೇಲಿಟ್ಟು ಉಗುರಿನಿಂದ ಉಜ್ಜಿ ಸುಕ್ಕು ತೆಗೆದಳು. ಅಂಚಿಗೆ ಅಂಚು ಕೂಡಿಸಿ ಎರಡಾಗಿ ಮಡಿಸಿದಳು, ಮತ್ತೆ ನಾಲ್ಕಾಗಿ, ಗಾಜಿನ ಪಟ್ಟಿಗೆ ಅಂಟಿಸುವ ಚೀಟಿಯಷ್ಟು ಚಿಕ್ಕದಾಗಿ. ಅದನ್ನು ಅವನ ತೆರೆದ ಅಂಗೈಯ ನಡುವೆ, ಓರೆಯಾಗದಂತೆ, ಇಟ್ಟಳು.

ಅವನ ಬೆರಳುಗಳು ಮುಚ್ಚಿಕೊಂಡವು.